ಸೆಲ್ ಇಲ್ಲದ ಟ್ಯಾಗ್: ಮೈಕ್ರೋವ್ಯಾಟ್‌ಗಳ ಜಮಾ-ಖರ್ಚು

ನಮ್ಮ ಚಾಚಾ ಹರಿಹರದಲ್ಲಿದ್ದಾರೆ. ಸಾಲ ಮಾಡಿ ತೆಗೆದುಕೊಂಡ ಒಂದು ಲಾರಿ ಓಡಿಸುತ್ತಾರೆ. ಹೆಚ್ಚಾಗಿ ಮೆಕ್ಕೆಜೋಳ, ಸೀಸನ್ನಿನಲ್ಲಿ ಅಕ್ಕಿ. ಕಳೆದ ಬೇಸಿಗೆಯಲ್ಲಿ ದೂರದ ಒಂದು ಟೋಲ್ ಗೇಟಿನಲ್ಲಿ ಅವರ ಲಾರಿಯ ಫಾಸ್ಟ್ಯಾಗ್ ಓದಲಿಲ್ಲ. ಹಿಂದೆ ಮುಂದೆ ಮಾಡಿದರೂ ಓದಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದಾಗ ನಗದಿನಲ್ಲಿ ಎರಡು ಪಟ್ಟು ಕಟ್ಟಿ ದಾಟಿದರು. ಮುಂದೆ ಹೆದ್ದಾರಿ ಬದಿಯ ಒಂದು ಅಂಗಡಿಯವನಿಗೆ ತೋರಿಸಿದಾಗ ಅವನು ಹೇಳಿದ್ದು: "ಒಳಗಿನ ಸೆಲ್ ವೀಕ್ ಆಗೈತೆ ಸಾಬ್ರೇ. ಇವೆಲ್ಲ ಎರಡೇ ವರ್ಷ. ದೊಡ್ಡ ಸೆಲ್ಲಿಂದು ಹಾಕಿಸ್ರಿ, ಐದು ವರ್ಷ ನೋಡಂಗಿಲ್ಲ." ದೊಡ್ಡ ಸೆಲ್ಲಿಗೆಂದು 700 ರೂಪಾಯಿ ಹೆಚ್ಚು ತೆಗೆದುಕೊಂಡ.

ಮನೆಗೆ ಬಂದ ಮೇಲೆ ಚಾಚಾ ನನ್ನನ್ನು ಕೇಳಿದರು: "ಬೇಟಾ, ನೀನು ಕಾಲೇಜಿಗೆ ಹೋಗುವ ಮಗು. ಈ ಟ್ಯಾಗಿನ ಸೆಲ್ ಎಷ್ಟು ವರ್ಷ ಬರುತ್ತದೆ?" ನಾನು ಯೋಚಿಸದೆ, "ಎರಡು ವರ್ಷ ಬರಬಹುದು" ಎಂದುಬಿಟ್ಟೆ. ನಾನು ವಾಣಿಜ್ಯ ವಿಭಾಗ, ಇದು ನನ್ನ ವಿಷಯವಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಂಗಡಿಯವನ ಸುಳ್ಳಿಗೆ ಕಾಲೇಜಿನ ಮುದ್ರೆ ಒತ್ತಿದವರು ನಾವೇ ಆದೆವು.

ಹಳೆಯ ಟ್ಯಾಗ್ ಲಾರಿಯ ಡ್ಯಾಷ್‌ಬೋರ್ಡಿನಲ್ಲಿ ಬಿದ್ದಿತ್ತು. ಒಂದು ವಾರದ ನಂತರ ಅದನ್ನು ತಂದು ನೀರಿನಲ್ಲಿ ನೆನೆಸಿ ಪದರ ಬಿಡಿಸಿ ನೋಡಿದೆ. ಮೇಲೆ ಕಾಗದ, ಕೆಳಗೆ ಅಂಟು, ನಡುವೆ ಬೆಳ್ಳಿಯ ಬಣ್ಣದ ತೆಳ್ಳನೆಯ ಲೋಹದ ಗೆರೆಗಳು. ಗೆರೆಗಳ ಮಧ್ಯೆ ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ. ಸೆಲ್ ಎಲ್ಲಿ? ಎಲ್ಲಿಯೂ ಇಲ್ಲ. ಸೆಲ್ ಇಡುವ ಜಾಗವೂ ಇಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಹತ್ತಿರ ಹೋದೆ. ಅವರು ಮೂರು ದಿನ ಬಿಡುವಿನ ವೇಳೆಯಲ್ಲಿ ಹೇಳಿಕೊಟ್ಟದ್ದನ್ನೂ ನಾನು ಓದಿ ಲೆಕ್ಕ ಹಾಕಿದ್ದನ್ನೂ ಇಲ್ಲಿ ಬರೆದಿದ್ದೇನೆ. ವಿಜ್ಞಾನ ವಿಭಾಗದ ಗೆಳೆಯರಿಗೆ ಕೆಲವು ಸಂಗತಿ ಗೊತ್ತಿರುತ್ತದೆ, ಕ್ಷಮಿಸಿ. ಆದರೆ ಲೆಕ್ಕ ನಮ್ಮದು.

ಮೊದಲು ಅಳತೆ

ಎರಡು ಪದ ಸ್ಪಷ್ಟವಾಗಿರಬೇಕು. ಜೂಲ್ ಎಂದರೆ ಶಕ್ತಿಯ ಮೊತ್ತ, ನಮ್ಮ ಭಾಷೆಯಲ್ಲಿ ಹಣ. ವ್ಯಾಟ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಜೂಲ್ ಎಂಬ ದರ, ಅಂದರೆ ಕೂಲಿ ದರ. ದಿನಕ್ಕೆ ಇಷ್ಟು ರೂಪಾಯಿ ಎನ್ನುವ ಹಾಗೆ ಸೆಕೆಂಡಿಗೆ ಇಷ್ಟು ಜೂಲ್. ಒಂದು ವ್ಯಾಟಿನ ಹತ್ತು ಲಕ್ಷದ ಒಂದು ಪಾಲು ಮೈಕ್ರೋವ್ಯಾಟ್.

ಇಷ್ಟು ಚಿಕ್ಕ ಪಾಲಿನಿಂದ ಏನಾಗುತ್ತದೆ ಎಂದು ನಾನೂ ಕೇಳಿದೆ. ಸರ್ ತಮ್ಮ ಕೈಗಡಿಯಾರ ತೋರಿಸಿ, "ಇದರ ಸೆಲ್ಲಿನ ಲೆಕ್ಕ ಹಾಕು" ಎಂದರು. ಮುಳ್ಳಿನ ಕ್ವಾರ್ಟ್ಜ್ ವಾಚುಗಳಲ್ಲಿ ಸಾಮಾನ್ಯವಾಗಿ ಹಾಕುವ 626 ಸಂಖ್ಯೆಯ ಗುಂಡಿ ಸೆಲ್ಲಿನಲ್ಲಿ 1.55 ವೋಲ್ಟ್, ಸುಮಾರು 28 ಮಿಲಿಆಂಪಿಯರ್-ಗಂಟೆ ಇರುತ್ತದೆ. ಗುಣಿಸಿದರೆ 43.4 ಮಿಲಿವ್ಯಾಟ್-ಗಂಟೆ, ಅಂದರೆ 43,400 ಮೈಕ್ರೋವ್ಯಾಟ್-ಗಂಟೆ. ಅದು ಎರಡು ವರ್ಷ, ಅಂದರೆ 17,520 ಗಂಟೆ ಬಾಳುತ್ತದೆ ಎಂದುಕೊಳ್ಳಿ. ಭಾಗಿಸಿ: ಸುಮಾರು 2.5 ಮೈಕ್ರೋವ್ಯಾಟ್. ವಾಚಿನ ಒಟ್ಟು ಖರ್ಚು ಅಷ್ಟೆ. ಅದರೊಳಗೆ ಒಂದು ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕು, ಚಿಪ್ ಅದನ್ನು ಎಣಿಸಬೇಕು, ಪುಟ್ಟ ಮೋಟಾರು ಮುಳ್ಳನ್ನು ತಳ್ಳಬೇಕು.

ನಮ್ಮ ತರಗತಿಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ತಿನ್ನುವುದು 90 ಲಕ್ಷ ಮೈಕ್ರೋವ್ಯಾಟ್. ಅದನ್ನು 2.5ರಿಂದ ಭಾಗಿಸಿದರೆ 36 ಲಕ್ಷ ವಾಚುಗಳು. ದಾವಣಗೆರೆ ಜಿಲ್ಲೆಯ ಪ್ರತಿಯೊಬ್ಬರ ಕೈಗೂ ಒಂದೊಂದು ವಾಚು ಕಟ್ಟಿದರೂ ಆ ಒಂದು ಬಲ್ಬಿನ ವಿದ್ಯುತ್ ಮಿಗುತ್ತದೆ. ಈ ಲೆಕ್ಕವನ್ನು ನಾನು ಎರಡು ಸಲ ಮಾಡಿದೆ, ಮೊದಲ ಸಲ ನಂಬಲಿಲ್ಲ.

ಖರ್ಚು ಇಷ್ಟು ಕಡಿಮೆಯಾದರೆ ಆದಾಯವನ್ನು ಎಲ್ಲಿಂದಾದರೂ ಹೊಂದಿಸಬಹುದು. ಸುತ್ತಮುತ್ತ ಚೆಲ್ಲಿಹೋಗುತ್ತಿರುವ ಬೆಳಕು, ಶಾಖ, ಅಲುಗಾಟ, ರೇಡಿಯೋ ಅಲೆಗಳಿಂದ ಹೀಗೆ ಚಿಟಿಕೆ ಚಿಟಿಕೆ ವಿದ್ಯುತ್ ಕೂಡಿಸಿ ಉಪಕರಣ ನಡೆಸುವುದನ್ನು ಶಕ್ತಿಯ ಕೊಯ್ಲು ಎನ್ನುತ್ತಾರೆ. ನನಗೆ ಕೊಯ್ಲಿಗಿಂತ ಹಕ್ಕಲು ಆಯುವುದು ಸರಿಯಾದ ಹೋಲಿಕೆ ಎನ್ನಿಸುತ್ತದೆ. ಕೊಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆ ಆರಿಸುವ ಕೆಲಸ.

ಅಜ್ಜನ ವಾಚು

ಇದು ಹೊಸ ವಿದ್ಯೆಯೂ ಅಲ್ಲ. ನಮ್ಮ ದಾದಾ ಅವರ ಎಚ್‌ಎಂಟಿ ಆಟೋಮ್ಯಾಟಿಕ್ ವಾಚು ಇನ್ನೂ ಮನೆಯಲ್ಲಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಆರಂಭಿಸಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. 2016ರಲ್ಲಿ ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜನತಾ ಮಾದರಿಗೆ ದಿನಾ ಕೀಲಿ ಕೊಡಬೇಕಿತ್ತು. ಆಟೋಮ್ಯಾಟಿಕ್‌ಗೆ ಆ ಕೆಲಸ ಬೇಡ. ಅದರ ಹಿಂಬದಿಯಲ್ಲಿ ಅರ್ಧಚಂದ್ರಾಕಾರದ ಒಂದು ತೂಕದ ತಗಡು ಇದೆ. ಕೈ ಬೀಸಿದಾಗ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಸ್ಪ್ರಿಂಗ್ ಇಲ್ಲಿ ಗಲ್ಲಾಪೆಟ್ಟಿಗೆ: ಹಗಲಿನ ಸಂಪಾದನೆ ಅದರಲ್ಲಿ ಜಮಾ ಆಗಿ ರಾತ್ರಿ ಮಲಗಿದಾಗ ಖರ್ಚಾಗುತ್ತದೆ. ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಎರಡು ದಿನದೊಳಗೆ ನಿಲ್ಲುತ್ತದೆ. ದಾದಾ ತೀರಿಹೋದ ಮೇಲೆ ಅದು ನಿಂತಿದೆ. ಕೆಟ್ಟಿದೆ ಎಂದು ಎಲ್ಲರೂ ತಿಳಿದಿದ್ದೆವು. ಈ ಲೇಖನಕ್ಕೆಂದು ತೆಗೆದು ಐದು ನಿಮಿಷ ಅಲ್ಲಾಡಿಸಿದೆ, ನಡೆಯತೊಡಗಿತು. ಅಬ್ಬಾ ಈಗ ಅದನ್ನು ಕಟ್ಟಿಕೊಳ್ಳುತ್ತಿದ್ದಾರೆ.

ಇನ್ನೊಂದು ಉದಾಹರಣೆ ಅಡುಗೆಮನೆಯಲ್ಲಿದೆ. ಗ್ಯಾಸ್ ಲೈಟರ್‌ಗೆ ಸೆಲ್ ಹಾಕಿದ್ದನ್ನು ಯಾರಾದರೂ ನೋಡಿದ್ದೀರಾ? ಗುಂಡಿ ಒತ್ತಿದಾಗ ಒಳಗಿನ ಸ್ಪ್ರಿಂಗ್ ಒಂದು ಪುಟ್ಟ ಸುತ್ತಿಗೆಯನ್ನು ಪಿಂಗಾಣಿಯಂಥ ಒಂದು ತುಂಡಿಗೆ ಬಡಿಯುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಎರಡು ಬದಿಗಳ ನಡುವೆ ವಿದ್ಯುತ್ ಹುಟ್ಟುತ್ತದೆ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಇದನ್ನು ತೋರಿಸಿದರು. ಪೀಜೋ ವಿದ್ಯುತ್ ಎಂದು ಹೆಸರು. ಲೈಟರಿನ ಕಿಡಿಯಲ್ಲಿ ವೋಲ್ಟೇಜು ಸಾವಿರಗಟ್ಟಲೆ ಇರುತ್ತದೆ, ಶಕ್ತಿ ಮಾತ್ರ ಅತ್ಯಲ್ಪ. ಗಾಳಿಯಲ್ಲಿ ಒಂದು ಕಿಡಿ ಹಾರಿಸಿದರೆ ಮುಗಿಯಿತು. ಅದಕ್ಕೆ ಬೇಕಾದದ್ದೂ ಅಷ್ಟೇ.

ಕ್ಯಾಲ್ಕುಲೇಟರ್ ಎಲ್ಲರಿಗೂ ಗೊತ್ತು, ಆದರೆ ಅದರ ಇತಿಹಾಸದಲ್ಲಿ ಒಂದು ಪಾಠವಿದೆ. 1970ರ ದಶಕದ ಆರಂಭದ ಕ್ಯಾಲ್ಕುಲೇಟರ್‌ಗಳ ಅಂಕಿಗಳು ಕೆಂಪಗೆ ಉರಿಯುತ್ತಿದ್ದವು, ಸೆಲ್ಲುಗಳನ್ನು ಬೇಗ ಮುಗಿಸುತ್ತಿದ್ದವು. ಆಮೇಲೆ ತಾನೇ ಉರಿಯದ, ಹೊರಗಿನ ಬೆಳಕಿನಲ್ಲಿ ಕಪ್ಪಾಗಿ ಕಾಣುವ ಎಲ್‌ಸಿಡಿ ಅಂಕಿ ಬಂತು. ಖರ್ಚು ಸಾವಿರಾರು ಪಟ್ಟು ಇಳಿಯಿತು. 1976ರಲ್ಲಿ ಶಾರ್ಪ್ ಕಂಪನಿ ಸೌರ ಕ್ಯಾಲ್ಕುಲೇಟರ್ ತಂದಿತು. ಗಮನಿಸಿ: ಸೌರಫಲಕ ಒಮ್ಮೆಲೇ ಶ್ರೀಮಂತವಾದದ್ದರಿಂದ ಇದು ಆಗಲಿಲ್ಲ. ಮನೆಖರ್ಚು ಕಡಿಮೆಯಾದದ್ದರಿಂದ ಆಯಿತು. ಟ್ಯೂಬ್‌ಲೈಟಿನ ಕೆಳಗೆ ಒಂದು ಚದರ ಸೆಂಟಿಮೀಟರ್ ಫಲಕಕ್ಕೆ ಸಿಗುವುದು 5ರಿಂದ 10 ಮೈಕ್ರೋವ್ಯಾಟ್, ಬಿಸಿಲಿನಲ್ಲಿ ಅದೇ ಫಲಕಕ್ಕೆ ಸಾವಿರಾರು. ಲೆಕ್ಕಶಾಸ್ತ್ರದ ಕ್ಯಾಲ್ಕುಲೇಟರ್ ಆ ಟ್ಯೂಬ್‌ಲೈಟಿನ ಸಂಬಳದಲ್ಲೇ ಸಂಸಾರ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 'ಟೂ ವೇ ಪವರ್' ಎಂದು ಬರೆದಿರುವ ಅಗ್ಗದ ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ ಫಲಕ ಬರೀ ತೋರಿಕೆ. ಹಿಂಬದಿಯ ಸೆಲ್ ತೆಗೆದು ಬೆಳಕಿನಲ್ಲಿ ಹಿಡಿಯಿರಿ. ನಡೆದರೆ ಅಸಲಿ. ನನ್ನ ಬೆಂಚಿನ ಮೂವರಲ್ಲಿ ಇಬ್ಬರದು ನಡೆಯಿತು, ನನ್ನದು ನಡೆಯಲಿಲ್ಲ.

ಅಲೆಯಿಂದ ನಡೆಯುವ ಯಂತ್ರ

ಈಗ ಟ್ಯಾಗಿಗೆ ಬರೋಣ. ಅದಕ್ಕೆ ಸೂರ್ಯನೂ ಬೇಡ, ಅಲುಗಾಟವೂ ಬೇಡ. ಅದರ ಆದಾಯ ರೇಡಿಯೋ ಅಲೆ.

ಇದರ ಅಜ್ಜ ಹರಳು ರೇಡಿಯೋ. ಉದ್ದ ತಂತಿ, ನೆಲಕ್ಕೊಂದು ಸಂಪರ್ಕ, ತಂತಿಯ ಸುರುಳಿ, ಒಂದು ಡಯೋಡ್, ಕಿವಿಗೆ ಇಯರ್‌ಫೋನ್. ಸೆಲ್ ಇಲ್ಲ, ಪ್ಲಗ್ ಇಲ್ಲ. ಪ್ರಸಾರ ಕೇಂದ್ರದಿಂದ ಬಂದ ಅಲೆಯೇ ತಂತಿಯಲ್ಲಿ ಸಣ್ಣ ವಿದ್ಯುತ್ ಹುಟ್ಟಿಸಿ ಇಯರ್‌ಫೋನನ್ನು ಅಲುಗಿಸುತ್ತದೆ. ನಮ್ಮ ಭಾಗದ ಹಿರಿಯರು ಕೇಳುತ್ತಿದ್ದ ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಜ್‌ನಲ್ಲಿ ಬರುತ್ತಿತ್ತು. ಅಂಥ ಮಧ್ಯಮ ತರಂಗದ ಕೇಂದ್ರಕ್ಕೆ ಹತ್ತಿರವಿದ್ದವರು ಬರಿಯ ಅಲೆಯ ಶಕ್ತಿಯಿಂದಲೇ ಹಾಡು ಕೇಳಬಹುದು. ಇಂಥ ಹರಳು ಪತ್ತೆಕಾರಕಕ್ಕೆ 1901ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1904ರಲ್ಲಿ ಪಡೆದವರು ನಮ್ಮ ದೇಶದ ಜಗದೀಶಚಂದ್ರ ಬೋಸ್.

ಇನ್ನೊಂದು ಕಥೆ ಪತ್ತೇದಾರಿ ಸಿನಿಮಾದ ಹಾಗಿದೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಉಡುಗೊರೆ ಕೊಟ್ಟರು. ಅದು ಅವರ ನಿವಾಸದ ಗೋಡೆಯ ಮೇಲೆ ಏಳು ವರ್ಷ ಇತ್ತು. 1952ರಲ್ಲಿ ಒಡೆದು ನೋಡಿದಾಗ ಒಳಗೆ ಮಾತು ಕದಿಯುವ ಸಾಧನ. ಲಿಯೊನ್ ಥೆರೆಮಿನ್ ಎಂಬ ರಷ್ಯನ್ ವಿಜ್ಞಾನಿಯ ಕೈಚಳಕ ಅದು. ಅದರಲ್ಲೂ ಸೆಲ್ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದು ಎಚ್ಚರಗೊಂಡು, ಕೋಣೆಯ ಮಾತಿಗೆ ತಕ್ಕ ಹಾಗೆ ಆ ಅಲೆಯನ್ನು ಬದಲಿಸಿ ಹಿಂದಕ್ಕೆ ಕಳಿಸುತ್ತಿತ್ತು. ಅಲೆ ನಿಂತರೆ ಸುಮ್ಮನೆ ಒಂದು ಲೋಹದ ತುಂಡು. ಅದಕ್ಕೇ ಅಷ್ಟು ವರ್ಷ ಯಾರಿಗೂ ಸಿಗಲಿಲ್ಲ. ಫಾಸ್ಟ್ಯಾಗ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಸರ್ಕಾರದ ಅನುಮತಿಯೊಂದಿಗೆ!

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವಾಗ ಹೆಬ್ಬಾಳು ಟೋಲ್ ಸಿಗುತ್ತದೆ. (ಚಾಚಾ ಸಿಕ್ಕಿಹಾಕಿಕೊಂಡದ್ದು ಇಲ್ಲಿ ಅಲ್ಲ.) ಅಲ್ಲಿ ಲೇನಿನ ಮೇಲೆ ಚಪ್ಪಟೆ ಪೆಟ್ಟಿಗೆಯಂಥದ್ದೊಂದು ಕೆಳಮುಖವಾಗಿ ನೇತಾಡುವುದನ್ನು ಬಸ್ಸಿನಿಂದಲೇ ನೋಡಬಹುದು. ಅದು ಓದುವ ಯಂತ್ರದ ಆಂಟೆನಾ. ಅದು 865 ಮೆಗಾಹರ್ಟ್ಜ್ ಆಸುಪಾಸಿನ ಅಲೆ ಬಿಡುತ್ತದೆ. ಈ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅದರ ಅರ್ಧ, ಅಂದರೆ 17 ಸೆಂಟಿಮೀಟರ್ ಆಸುಪಾಸಿನ ಆಂಟೆನಾ ಬೇಕು. ಟ್ಯಾಗ್ ಅಷ್ಟು ಉದ್ದವಿಲ್ಲ. ಆದ್ದರಿಂದಲೇ ಗೆರೆಗಳನ್ನು ಹಾವಿನ ಹಾಗೆ ಮಡಚಿ ಕೂರಿಸಿದ್ದಾರೆ. ನಾನು ಬೆಳ್ಳಿಯ ಬಣ್ಣದಲ್ಲಿ ಕಂಡ ಗೆರೆಗಳು ಅವೇ.

ಆದಾಯ ಎಷ್ಟು? ಓದುವ ಯಂತ್ರ ಟ್ಯಾಗಿನ ಕಡೆಗೆ 4 ವ್ಯಾಟ್ ಬಿಡುತ್ತದೆ ಎಂದಿಟ್ಟುಕೊಂಡು ಸರ್ ಸೂತ್ರ ಕೊಟ್ಟರು. ನಡುವೆ ಅಡ್ಡಿಯಿಲ್ಲದೆ 5 ಮೀಟರ್ ದೂರದಲ್ಲಿ ಟ್ಯಾಗಿಗೆ ತಲುಪುವುದು 100ರಿಂದ 200 ಮೈಕ್ರೋವ್ಯಾಟ್. ಉಳಿದದ್ದೆಲ್ಲ ರಸ್ತೆ, ಗಾಳಿ, ಲಾರಿಯ ತಗಡು ಎಲ್ಲೆಡೆ ಚೆಲ್ಲಿಹೋಗುತ್ತದೆ. ದೂರ ಎರಡು ಪಟ್ಟಾದರೆ ಸಿಗುವುದು ಅರ್ಧವಲ್ಲ, ಕಾಲು ಭಾಗ. ಟ್ಯಾಗಿನ ಚಿಪ್ಪು ಎಚ್ಚರವಾಗಲು ಬೇಕಾದದ್ದು 10ರಿಂದ 20 ಮೈಕ್ರೋವ್ಯಾಟ್. ಗಾಜು, ಧೂಳು, ಓರೆಯಾಗಿ ಅಂಟಿಸಿದ್ದು ಇವೆಲ್ಲದರ ಕಡಿತ ಹೋದರೂ ಸಾಲುತ್ತದೆ. ಆದರೆ ಬಹಳ ಮಿಗುವುದಿಲ್ಲ. ದೂರದಿಂದ ಓದದ್ದು ಹತ್ತಿರ ಹೋದಾಗ ಓದುವುದಕ್ಕೆ ಕಾರಣ ಇದೇ.

ಚಿಪ್ಪಿನೊಳಗೆ ಮೊದಲ ಕೆಲಸ ಈ ಅಲೆಯನ್ನು ಏಕಮುಖ ವಿದ್ಯುತ್ತಾಗಿ ಬದಲಿಸುವುದು. ಅಲೆ ಸೆಕೆಂಡಿಗೆ 86 ಕೋಟಿಗೂ ಹೆಚ್ಚು ಸಲ ಆ ಕಡೆ ಈ ಕಡೆ ಓಲಾಡುತ್ತದೆ. ಡಯೋಡ್‌ಗಳು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳಂತೆ ಕೆಲಸ ಮಾಡುತ್ತವೆ. ಹಾಗೆ ಒಳಬಂದದ್ದು ಕೆಪ್ಯಾಸಿಟರ್‌ನಲ್ಲಿ ಶೇಖರವಾಗುತ್ತದೆ. ಸಾಕಷ್ಟು ವೋಲ್ಟೇಜ್ ಬಂದೊಡನೆ ಚಿಪ್ ಎದ್ದು ತನ್ನ ಸಂಖ್ಯೆ ಹೇಳುತ್ತದೆ. ಸಂಖ್ಯೆ ಪೆನ್‌ಡ್ರೈವ್‌ನಲ್ಲಿ ಫೈಲ್ ಉಳಿಯುವ ಹಾಗೆ ವಿದ್ಯುತ್ ಇಲ್ಲದೆಯೂ ಉಳಿಯುತ್ತದೆ.

ಹೇಳುವುದು ಹೇಗೆ? ಸ್ವಂತ ಅಲೆ ಬಿಡುವಷ್ಟು ಸಂಪಾದನೆ ಟ್ಯಾಗಿಗೆ ಇಲ್ಲ. ಚಿಕ್ಕವರಿದ್ದಾಗ ಕನ್ನಡಿ ಹಿಡಿದು ಬಿಸಿಲನ್ನು ಎದುರು ಮನೆಯ ಗೋಡೆಗೆ ಬಿಡುತ್ತಿದ್ದೆವಲ್ಲ, ಹಾಗೆ. ಕನ್ನಡಿ ಬೆಳಕು ಹುಟ್ಟಿಸುವುದಿಲ್ಲ, ಬಂದದ್ದನ್ನು ತಿರುಗಿಸುತ್ತದೆ. ಅದನ್ನು ಒಮ್ಮೆ ತೋರಿಸಿ ಒಮ್ಮೆ ಮರೆಮಾಡಿದರೆ ಸಂಕೇತವಾಯಿತು. ಟ್ಯಾಗ್ ತನ್ನ ಆಂಟೆನಾವನ್ನು ಹಾಗೆಯೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸುವಂತೆ ಮಾಡುತ್ತದೆ. ಓದುವ ಯಂತ್ರ ತಾನೇ ಬಿಟ್ಟ ಅಲೆಯ ಮರುದನಿಯಲ್ಲಿ ಆ ಏರಿಳಿತ ಕೇಳಿ ಸಂಖ್ಯೆ ಬರೆದುಕೊಳ್ಳುತ್ತದೆ. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ ಪ್ರತಿಫಲಿತ ಅಲೆಯಿಂದ ಸಂದೇಶ ಕಳಿಸುವುದರ ಬಗ್ಗೆ ಪ್ರಬಂಧ ಬರೆದಿದ್ದರು. ನಮ್ಮ ದೇಶದಲ್ಲಿ 2021ರ ಫೆಬ್ರವರಿ ಮಧ್ಯಭಾಗದಿಂದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಅದು ಕಡ್ಡಾಯವಾಯಿತು.

ಹಣ ಟ್ಯಾಗಿನಲ್ಲಿ ಇಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಬಹಳ ಚಾಲಕರು ಇದೆ ಎಂದು ತಿಳಿದಿದ್ದಾರೆ. ಹಣ ಬ್ಯಾಂಕಿನ ಖಾತೆಯಲ್ಲಿರುತ್ತದೆ. ಟ್ಯಾಗ್ ಹೇಳುವುದು ಬರೀ ಖಾತೆ ಹುಡುಕುವ ಗುರುತು. ಲೆಕ್ಕ, ಕಡಿತ, ಎಸ್‌ಎಂಎಸ್ ಎಲ್ಲ ಕೆಲಸ ಕರೆಂಟ್ ಇರುವ ಕಡೆ ನಡೆಯುತ್ತದೆ. ಬಡವನ ಮೇಲೆ ಕಡಿಮೆ ಭಾರ ಹಾಕಿರುವ ಈ ಕೆಲಸದ ಹಂಚಿಕೆ ನನಗೆ ತುಂಬಾ ಇಷ್ಟವಾಯಿತು.

ಹಾಗಾದರೆ ಚಾಚಾರ ಟ್ಯಾಗ್ ಏಕೆ ಓದಲಿಲ್ಲ? ಬಿಡಿಸಿ ನೋಡಿದಾಗ ಗೆರೆ ಒಂದು ಕಡೆ ತುಂಡಾಗಿತ್ತು. ಕೇಳಿದಾಗ ವಿಷಯ ತಿಳಿಯಿತು. ಎರಡು ತಿಂಗಳ ಹಿಂದೆ ಮುಂದಿನ ಗಾಜು ಒಡೆದು ಹೊಸದು ಹಾಕಿಸಿದ್ದರು. ಗ್ಯಾರೇಜಿನ ಹುಡುಗ ಹಳೆಯ ಗಾಜಿನಿಂದ ಟ್ಯಾಗ್ ಕಿತ್ತು ಹೊಸದಕ್ಕೆ ಅಂಟಿಸಿದ್ದ. ಒಂದು ಗಾಡಿಯ ಟ್ಯಾಗ್ ಇನ್ನೊಂದಕ್ಕೆ ಹೋಗಬಾರದೆಂದು ಕಿತ್ತರೆ ಹರಿಯುವಂತೆಯೇ ಅದನ್ನು ಮಾಡಿರುತ್ತಾರೆ. ಅರ್ಧ ಹರಿದ ಆಂಟೆನಾ ಎರಡು ತಿಂಗಳು ಹೇಗೋ ದೂಡಿತು, ಆಮೇಲೆ ನಿಂತಿತು. ಹೊಸ ಟ್ಯಾಗ್ ಬೇಕಾಗಿತ್ತು ಎನ್ನುವುದು ನಿಜ. ದೊಡ್ಡ ಸೆಲ್ಲಿನ 700 ರೂಪಾಯಿ ಮಾತ್ರ ಇಲ್ಲದ ವಸ್ತುವಿನ ಬೆಲೆ.

ಪುಕ್ಕಟೆ ಎಂಬ ಖಾತೆ ಇಲ್ಲ

ಜೋಡಿ ನಮೂದು ಪದ್ಧತಿಯಲ್ಲಿ ಒಂದು ಖಾತೆಗೆ ಜಮಾ ಆದರೆ ಇನ್ನೊಂದಕ್ಕೆ ಖರ್ಚು ಬರೆಯಲೇಬೇಕು. ಶಕ್ತಿಯ ಪುಸ್ತಕವೂ ಹಾಗೆಯೇ. ಟ್ಯಾಗಿಗೆ ಬಂದ ಮೈಕ್ರೋವ್ಯಾಟ್ ಟೋಲಿನ ಕರೆಂಟ್ ಬಿಲ್ಲಿನಲ್ಲಿದೆ. ಇದನ್ನು ಮರೆತರೆ ವಿಜ್ಞಾನ ಪ್ರದರ್ಶನಗಳಲ್ಲಿ ನೋಡುವ 'ಹೆಜ್ಜೆಯಿಂದ ವಿದ್ಯುತ್' ಮಾದರಿಯ ಹಾಗಾಗುತ್ತದೆ. ಹಲಗೆಯ ಮೇಲೆ ನಡೆದರೆ ಎಲ್‌ಇಡಿ ಮಿನುಗುತ್ತದೆ, ಚೆನ್ನಾಗಿರುತ್ತದೆ. ಆದರೆ ಪಕ್ಕದ ಚಾರ್ಟಿನಲ್ಲಿ "ಇದರಿಂದ ಮೊಬೈಲ್ ಚಾರ್ಜ್ ಮಾಡಬಹುದು, ಊರಿಗೆ ಬೀದಿದೀಪ ಕೊಡಬಹುದು" ಎಂದು ಬರೆದಿರುತ್ತಾರೆ. ಲೆಕ್ಕ ಹಾಕೋಣ. 60 ಕಿಲೋ ತೂಕದವರು ಹೆಜ್ಜೆ ಇಟ್ಟಾಗ ಹಲಗೆ 5 ಮಿಲಿಮೀಟರ್ ಇಳಿದರೆ ಸಿಗುವುದು 60 × 9.8 × 0.005, ಅಂದರೆ ಸುಮಾರು 3 ಜೂಲ್. 5000 ಮಿಲಿಆಂಪಿಯರ್-ಗಂಟೆಯ ಮೊಬೈಲ್ ಬ್ಯಾಟರಿ ತುಂಬಲು ಬೇಕಾದದ್ದು ಸುಮಾರು 69,300 ಜೂಲ್. ಒಂದು ಚೂರೂ ಪೋಲಾಗದಿದ್ದರೂ 23,100 ಹೆಜ್ಜೆ. ನಿಜವಾಗಿ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಪ್ರತಿ ಹೆಜ್ಜೆಗೂ ಕುಸಿಯುವ ನೆಲದ ಮೇಲೆ ನಡೆಯುವುದು ಹೊಳೆ ದಂಡೆಯ ಮರಳಿನಲ್ಲಿ ನಡೆದ ಹಾಗೆ. ಖರ್ಚು ನಮ್ಮ ಊಟದ ಖಾತೆಗೆ. ಅದೇ 3 ಜೂಲ್ ಒಂದು ವಾಚಿಗೆ ಕೊಟ್ಟರೆ ಹದಿಮೂರು ದಿನಕ್ಕೂ ಹೆಚ್ಚು ನಡೆಯುತ್ತದೆ. ಮಾದರಿ ತಪ್ಪಲ್ಲ, ಗಿರಾಕಿ ತಪ್ಪು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಶಾಖದ ಬಗ್ಗೆಯೂ ಗೆಳೆಯನೊಬ್ಬ ಕೇಳಿದ. ಎರಡು ಬೇರೆ ಲೋಹಗಳ ಕೂಡುವಿಕೆಯ ಒಂದು ತುದಿ ಬಿಸಿ, ಇನ್ನೊಂದು ತಂಪಾಗಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂದು 1821ರಲ್ಲಿ ಸೀಬೆಕ್ ಕಂಡುಕೊಂಡಿದ್ದ. ಭಟ್ಟಿಯಲ್ಲಿ ಬಿಸಿಗೆ ಬರವಿಲ್ಲ. ತಂಪಿನ ಬದಿಯನ್ನು ಎಲ್ಲಿಂದ ತರುವುದು? ಆ ಕೋಣೆಯೇ ಕಾದಿರುತ್ತದೆ. ಮೇಲಾಗಿ ನೂರು ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಕೆಲವೇ ಪಾಲು. ಒಂದು ಎಲ್‌ಇಡಿಗೆ, ಒಂದು ತಾಪಮಾಪಕಕ್ಕೆ ಸಾಕು. ಭಟ್ಟಿಯಲ್ಲಿ ದುಡಿಯುವವರಿಗೆ ಬೇಕಾದದ್ದು ಹೊಗೆ ಹೋಗುವ ದಾರಿ. ಅದಕ್ಕೆ ಇದು ಉತ್ತರವಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು? ಚಾಚಾ ಮೆಕ್ಕೆಜೋಳ ತುಂಬುವ ಗೋದಾಮಿನ ಬಗ್ಗೆ ಯೋಚಿಸಿದೆ. ಚೀಲಗಳ ನಡುವೆ ತೇವ ಏರಿದರೆ ಬೂಷ್ಟು ಬರುತ್ತದೆ, ಗೊತ್ತಾಗುವ ಹೊತ್ತಿಗೆ ದರ ಬಿದ್ದಿರುತ್ತದೆ. ತೇವ ಅಳೆದು 15 ನಿಮಿಷಕ್ಕೊಮ್ಮೆ ರೇಡಿಯೋ ಮೂಲಕ ತಿಳಿಸುವ ಒಂದು ಸಾಧನ ಇದೆ ಎಂದುಕೊಳ್ಳಿ. ಸಂದೇಶ ಕಳಿಸುವಾಗ ಅದರ ಖರ್ಚು 30,000 ಮೈಕ್ರೋವ್ಯಾಟ್, ಆದರೆ ಅದು ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ. ಅಂದರೆ 300 ಮೈಕ್ರೋಜೂಲ್. ಇದನ್ನು 900 ಸೆಕೆಂಡಿಗೆ ಹಂಚಿದರೆ ಸರಾಸರಿ ಬರೀ 0.33 ಮೈಕ್ರೋವ್ಯಾಟ್. ನಿದ್ದೆಯಲ್ಲಿ ಅದರ ಖರ್ಚು 2 ಎಂದಿಟ್ಟುಕೊಂಡರೂ ಒಟ್ಟು 2.33. ಐದು ಚದರ ಸೆಂಟಿಮೀಟರ್ ಫಲಕ ಟ್ಯೂಬ್‌ಲೈಟಿನ ಕೆಳಗೆ 25 ದುಡಿಯುತ್ತದೆ. ಹತ್ತು ಪಟ್ಟು ಆದಾಯ!

ನಾನು ಇಲ್ಲಿಗೆ ನಿಲ್ಲಿಸಿ ಸರ್‌ಗೆ ತೋರಿಸಿದೆ. ಅವರು, "ಸವಕಳಿ ಬರೆದಿಲ್ಲವಲ್ಲ" ಎಂದರು. ರಾತ್ರಿಗೆಂದು ಕೂಡಿಡುವ ದೊಡ್ಡ ಕೆಪ್ಯಾಸಿಟರ್ ತಾನೇ ಸೋರುತ್ತದೆ. 1 ಫ್ಯಾರಡ್‌ನ ಕೆಪ್ಯಾಸಿಟರ್ 3 ವೋಲ್ಟಿನಿಂದ 2 ವೋಲ್ಟಿಗೆ ಇಳಿಯುವಷ್ಟರಲ್ಲಿ 2.5 ಜೂಲ್ ಕೊಡುತ್ತದೆ. ಸಾಧನದ ಖರ್ಚು ಮಾತ್ರ ಲೆಕ್ಕ ಹಿಡಿದರೆ ಕತ್ತಲಲ್ಲಿ 12 ದಿನ ಬಾಳಬೇಕು. 2 ಮೈಕ್ರೋಆಂಪಿಯರ್ ಸೋರಿಕೆ ಸೇರಿಸಿದರೆ ಇನ್ನೂ 6 ಮೈಕ್ರೋವ್ಯಾಟ್ ಖರ್ಚು ಬೀಳುತ್ತದೆ, ದುಡಿಯುವವನ ಊಟಕ್ಕಿಂತ ಗಲ್ಲಾಪೆಟ್ಟಿಗೆಯ ತೂತೇ ದೊಡ್ಡದು. 12 ದಿನ ಮೂರೂವರೆ ದಿನಕ್ಕೆ ಇಳಿಯಿತು. ಹಬ್ಬದ ರಜೆಗೆ ಗೋದಾಮು ನಾಲ್ಕು ದಿನ ಮುಚ್ಚಿ ಲೈಟ್ ಆರಿಸಿದರೆ ಸಾಧನ ಸತ್ತಿರುತ್ತದೆ, ಅದೂ ತೇವ ಹೆಚ್ಚುವ ಮಳೆಗಾಲದಲ್ಲಿ. ಸೋರಿಕೆ ಕಡಿಮೆ ಇರುವ ಕೆಪ್ಯಾಸಿಟರ್ ಹುಡುಕಬೇಕು, ಇಲ್ಲವೇ ಫಲಕವನ್ನು ಕಿಟಕಿಯ ಹತ್ತಿರ ಇಡಬೇಕು. ಎರಡಕ್ಕೂ ಎಷ್ಟು ಹಣ ಆಗುತ್ತದೆ ಎಂದು ವಿಜ್ಞಾನ ವಿಭಾಗದ ಇಬ್ಬರು ಗೆಳೆಯರ ಜೊತೆ ಈಗ ಅಂದಾಜು ಮಾಡುತ್ತಿದ್ದೇವೆ.

ಚಾಚಾಗೆ ಕನ್ನಡಿಯ ಉದಾಹರಣೆಯಿಂದಲೇ ವಿವರಿಸಿದೆ. ನನ್ನ ತಪ್ಪು ಉತ್ತರವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, 700 ರೂಪಾಯಿಯ ಮಾತನ್ನೂ ಎತ್ತಲಿಲ್ಲ. ಮರುದಿನ ಲಾರಿ ಸ್ಟ್ಯಾಂಡಿನಲ್ಲಿ ಇತರ ಚಾಲಕರಿಗೆ ಹೇಳುತ್ತಿದ್ದರಂತೆ. ನಿಮ್ಮ ಮನೆಯಲ್ಲೂ ಲಾರಿ, ಟ್ಯಾಕ್ಸಿ, ಕಾರು ಓಡಿಸುವವರಿದ್ದರೆ ಇಷ್ಟು ತಿಳಿಸಿ: ಟ್ಯಾಗಿಗೆ ಸೆಲ್ ಇಲ್ಲ, ಹಾಕಿಸಲೂ ಬರುವುದಿಲ್ಲ. ಗಾಜು ಬದಲಿಸಿದರೆ ಟ್ಯಾಗನ್ನು ಕಿತ್ತು ಅಂಟಿಸಬೇಡಿ, ಬ್ಯಾಂಕಿನಿಂದ ಬದಲಿ ಪಡೆಯಿರಿ. ಗಾಜಿಗೆ ಲೋಹದ ಅಂಶವಿರುವ ಫಿಲಂ ಹಾಕಿಸಿದ್ದರೆ ಅಲೆ ಒಳಗೆ ಬರುವುದಿಲ್ಲ. ಓದದಿದ್ದಾಗ ಮೊದಲು ಖಾತೆಯ ಬಾಕಿ ನೋಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಬಿಡಿಸಿದ ಹಳೆಯ ಟ್ಯಾಗ್ ಭೌತಶಾಸ್ತ್ರದ ಪ್ರಯೋಗಾಲಯದ ಕಿಟಕಿ ಬದಿಯ ಮೇಜಿನ ಮೇಲಿದೆ. ಪಕ್ಕದಲ್ಲಿ ಭೂತಗನ್ನಡಿ ಇಟ್ಟಿದ್ದೇವೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಬಹುದು. ಬರುವಾಗ ನಿಮ್ಮ ಕ್ಯಾಲ್ಕುಲೇಟರ್ ತನ್ನಿ, ಸ್ಕ್ರೂಡ್ರೈವರ್ ನಮ್ಮಲ್ಲಿದೆ.